ಇಬ್ಬನಿ ಆರುವ ಮುನ್ನ ಯಲ್ಲಾರಿಯ ಟ್ರ್ಯಾಕ್ಟರ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂಡಲಗಿ ತಾಲ್ಲೂಕಿನ ಕುಲಗೋಡದ ಹೊಲವೊಂದರಲ್ಲಿ ಚಾಲಕ ಯಲ್ಲಾರಿ ಟ್ರ್ಯಾಕ್ಟರ್ ನಿಲ್ಲಿಸಿ ಕೆಳಗಿಳಿಯುತ್ತಾರೆ. ಕಬ್ಬು ಕಡಿದ ಮೇಲೆ ನೆಲದ ತುಂಬ ಉಳಿದ ಒಣ ಗರಿ, ಇಲ್ಲಿಯವರ ಮಾತಿನಲ್ಲಿ ರವದಿ, ಇಬ್ಬನಿಗೆ ತೊಯ್ದು ಮೆತ್ತಗಾಗಿದೆ. ಅದನ್ನು ಪುಡಿ ಮಾಡಲು ಟ್ರ್ಯಾಕ್ಟರಿಗೆ ಜೋಡಿಸಿದ ಯಂತ್ರಕ್ಕೂ ಒದ್ದೆ ಗರಿಗೂ ಆಗಿಬರುವುದಿಲ್ಲ. ಬ್ಲೇಡಿಗೆ ಸುತ್ತಿಕೊಂಡದ್ದನ್ನು ಯಲ್ಲಾರಿ ಬೈಯುತ್ತಲೇ ಕುಡಗೋಲಿನಿಂದ ಕೊಯ್ದು ತೆಗೆದು ಮತ್ತೆ ಹತ್ತುತ್ತಾರೆ. ಬಿಸಿಲೇರಿದ ಮೇಲೆ ಬಂದರೆ ಅರ್ಧ ಹೊತ್ತಿನಲ್ಲಿ ಮುಗಿಯುವ ಕೆಲಸ. ಆದರೂ ಈ ಹೊಲಕ್ಕೆ ಅವರು ಬರುವುದು ಇಬ್ಬನಿಯಲ್ಲೇ.

"ಒಣಗಿದ್ದ ಹೊಡದ್ರ ಧೂಳ ಏಳತೈತ್ರಿ. ಆ ಮನ್ಯಾಗ ನಮ್ಮ ಮಾಯಾ ಅದಾಳ," ಎಂದು ಹೊಲದಂಚಿನ ಮನೆಯತ್ತ ಕೈ ಮಾಡುತ್ತಾರೆ.

ಮಾಯಾ ಅವರ ಬಳಗವಲ್ಲ, ಕಣ್ಣೆದುರೇ ಬೆಳೆದ ಹುಡುಗಿ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದವಳಿಗೆ ರಕ್ತದ ಕ್ಯಾನ್ಸರ್ ಬಂತು. ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಅಣ್ಣ ಕೊಟ್ಟ, ವೈದ್ಯರು ಕಸಿ ಮಾಡಿದರು. ರಕ್ತವೇನೋ ಸುಧಾರಿಸಿತು, ಚಿಂತೆ ಶ್ವಾಸಕೋಶದ್ದಾಯಿತು. ಕಸಿಗೆ ಮೊದಲಿನ ಕಟು ಔಷಧ, ವಿಕಿರಣದಿಂದ ಅದು ಸೊರಗಿತ್ತು. ಚಿಕ್ಕಂದಿನಲ್ಲಿ ನ್ಯುಮೋನಿಯಾ ಬೇರೆ ಆಗಿತ್ತು. ಅಣ್ಣನ ಕೋಶಗಳು ತಂಗಿಯ ಶ್ವಾಸಕೋಶವನ್ನೇ ಪರಕೀಯವೆಂದು ತಿಳಿದು ಮೇಲೆ ಬೀಳಬಹುದು, ಹಾಗಾಗದಿರಲೆಂದು ಕೊಡುವ ಮಾತ್ರೆ ಸೋಂಕನ್ನು ಕರೆತರಬಹುದು. ಇವೆಲ್ಲ ನಮ್ಮ ಕೈ ಮೀರಿದ್ದು, ಹೊಗೆ, ಧೂಳು, ನೆಗಡಿ ಬಂದವರನ್ನಾದರೂ ದೂರವಿಡಿ ಎಂದಿದ್ದರು ವೈದ್ಯರು.

ಕಬ್ಬಿನ ಸೀಮೆಯಲ್ಲಿ ಹೊಗೆ ದೂರವಿಡುವುದು ಹೇಳಿದಷ್ಟು ಸುಲಭವೇ? ರವದಿ ಸುಟ್ಟರೆ ಕುಳೆ, ಅಂದರೆ ಕಡಿದ ಕಬ್ಬಿನ ಬುಡ, ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆ ಊರಿನದು. ಕಳೆದ ಹಂಗಾಮಿನಲ್ಲಿ ಪಕ್ಕದ ಹೊಲದ ಶೆಟ್ಟೆಪ್ಪ, ಪಾಪ, ಗಾಳಿ ಮನೆಯಿಂದ ಆಚೆ ಬೀಸುವ ಹೊತ್ತು ನೋಡಿಯೇ ಕಡ್ಡಿ ಗೀರಿದ್ದರು. ಸಂಜೆಗೆ ಗಾಳಿ ತಿರುಗಿತು. ಮಾಯಾಳನ್ನು ಬೆಳಗಾವಿಗೆ ಒಯ್ದು ಆಕ್ಸಿಜನ್ ಹಚ್ಚಬೇಕಾಯಿತು.

"ಗಾಡಿ ಹತ್ತುವಾಗ ಆಕಿ ಅವ್ವ ಸೀತವ್ವ ಯಾರನ್ನೂ ಬೈಲಿಲ್ರಿ. ಬೈದಿದ್ರ ಚಲೋ ಇತ್ತು," ಎನ್ನುತ್ತಾರೆ ಯಲ್ಲಾರಿ.

ಹುಡುಗಿ ಉಳಿದು ಬಂದಳು. ಇಂಥ ಇನ್ನೊಂದು ಪೆಟ್ಟನ್ನು ಆ ಶ್ವಾಸಕೋಶ ತಾಳುವುದು ಕಷ್ಟ ಎಂದು ವೈದ್ಯರು ಎಚ್ಚರಿಸಿದರು. ಹಾಗಾಗಿ ಈ ಸಲ ಕಬ್ಬಿಗೆ ಕುಡಗೋಲು ಬೀಳುವ ಮೊದಲೇ ಯಲ್ಲಾರಿ ಸುತ್ತಲಿನ ಹೊಲದವರ ಮನೆಬಾಗಿಲಿಗೆ ಹೋದರು. "ಕಡ್ಡಿ ಗೀರಬ್ಯಾಡ್ರಿ, ನಾ ಪುಡಿ ಮಾಡಿಕೊಡ್ತೇನಿ. ಮಣ್ಣಾಗ ಕೊಳತು ಗೊಬ್ಬರ ಆಗತೈತಿ." ಕೆಲವರು ನಕ್ಕರು. ಮೊದಲು ಹೂಂ ಅಂದವರು ಶೆಟ್ಟೆಪ್ಪನೇ. ಯಂತ್ರದ ಮಾಲಕ ಬಸವಣ್ಣೆಪ್ಪ ಮಾತ್ರ ಸಿಡಿಮಿಡಿಗೊಂಡರು.

"ಬಿಸಿಲಾಗ ಹೊಡಿಯೋ ಅಂದ್ರ ಮಂಜಿನಾಗ ಹೊಡಿತಿ. ಮಷೀನ ನಿಂದೇನೋ?"

"ಮಷೀನ ನಿಮ್ದರಿ, ನಿದ್ದಿ ನಂದು."

ಧಣಿಗೆ ನಗು ತಡೆಯಲಾಗಲಿಲ್ಲ. ಬೇರೆ ಹೊಲಗಳ ಕೆಲಸ ತಪ್ಪದಿದ್ದರೆ ಸಾಕೆಂದರು. ಅಂದಿನಿಂದ ಯಲ್ಲಾರಿಗೆ ದಿನಕ್ಕೆ ಎರಡು ದುಡಿಮೆ: ಇಬ್ಬನಿ ಇರುವ ತನಕ ಮಾಯಾಳ ಮನೆಯ ಸುತ್ತ, ಚಹಾ ಕುಡಿದ ಮೇಲೆ ಕತ್ತಲಾಗುವವರೆಗೆ ಧುಪದಾಳದ ಕಡೆಯ ಹೊಲಗಳು. ಟ್ರ್ಯಾಕ್ಟರ್ ಸದ್ದು ಕೇಳಿದೊಡನೆ ಸೀತವ್ವ ಕಿಟಕಿ ಮುಚ್ಚುತ್ತಾರೆ, ಮಾಯಾ ಒಳಗಿನ ಕೋಣೆಗೆ ಹೋಗುತ್ತಾಳೆ.

ಹಂಗಾಮು ಮುಗಿಯುತ್ತ ಬಂದಿದೆ. ಆ ಮನೆಯ ಸುತ್ತ ಒಂದೇ ಒಂದು ಹೊಲಕ್ಕೂ ಬೆಂಕಿ ಬಿದ್ದಿಲ್ಲ! ಶೆಟ್ಟೆಪ್ಪನ ಹೊಲದಲ್ಲಿ ಕುಳೆ ದಟ್ಟವಾಗಿ ಚಿಗುರಿದ್ದು ನೋಡಿ, ಅಂದು ನಕ್ಕವರೇ ಈಗ ಯಲ್ಲಾರಿಯನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆಗೆ ಮಾಯಾ ಕೊಳವೆಯೊಳಗೆ ಊದಿದಳು. ಫಲಿತಾಂಶ ನೋಡಿ ವೈದ್ಯರು ಖುಷಿಯಿಂದ ಮತ್ತೊಮ್ಮೆ ಊದಿಸಿದರು. ಶ್ವಾಸಕೋಶ ಗೆದ್ದಿತ್ತು. ಮಾಸ್ಕ್ ಹಾಕಿಕೊಂಡು ಕಾಲೇಜಿಗೆ ಹೋಗಲು ಒಪ್ಪಿಗೆ ಸಿಕ್ಕಿತು.

"ನನ್ನ ರಕ್ತ ಅಣ್ಣಂದು, ಉಸರು ಯಲ್ಲಾರಿ ಕಾಕಾಂದು," ಎಂದು ಮಾಯಾ ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಆ ಮಾತು ಎತ್ತಿದರೆ ಯಲ್ಲಾರಿ ನಾಚಿಕೊಂಡು ರುಮಾಲು ಸರಿಮಾಡಿಕೊಳ್ಳುತ್ತಾರೆ.

"ಹಂಗೇನಿಲ್ರಿ. ಮೊನ್ನಿ ಬಸ್ ಹೊಂಟಬಿಟ್ಟಿತ್ತು, ಮಾಯಾ ಓಡಿ ಹತ್ತಿದ್ಳು. ಓಡಿ! ಹತ್ತಿದ ಕೂಡ್ಲೆ ಸೀಟಿಗಿ ಜಗಳಾ ತಗದ್ಳು. ಆಕಿ ದನಿ ನನ್ನ ಟ್ರ್ಯಾಕ್ಟರ್ ತನಕಾ ಕೇಳಸ್ತಿತ್ತು. ಯಾರೋ ಪುಣ್ಯಾತ್ಮ ಎದ್ದು ಸೀಟ್ ಕೊಟ್ಟಬಿಟ್ಟಾ. ಇನ್ನಷ್ಟು ಹೊತ್ತ ಕೊಡಬಾರದಿತ್ರಿ, ಕೇಳಾಕ ಭಾಳ ಚಂದ ಇತ್ತು."