ಬಸದಿಗೆ ಹೋದ ಗುಲಾಬಿ ಪುಸ್ತಕ

ನನಗೆ ಸಿಟ್ಟು ಜಾಸ್ತಿ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಬರುತ್ತದೆ ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. "ಅಕಿ ಸ್ವಭಾವನ ಹಂಗ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಆದ್ದರಿಂದ ಒಂದು ಸಿಟ್ಟಿನ ಕಾರಣವನ್ನಾದರೂ ಸರಿಯಾಗಿ ಬರೆದಿಡೋಣ ಎಂದು ಕೂತಿದ್ದೇನೆ.

ನಾನು ಗಿಡಗಳ ಪುಸ್ತಕ ಕೂಡಿಸುತ್ತೇನೆ. ಹೂವಿನ ಗಿಡ, ಹಣ್ಣಿನ ಗಿಡ, ಕಾಯಿಪಲ್ಯ, ಕುಂಡ, ಕಸಿ, ಗೊಬ್ಬರ, ಯಾವುದಾದರೂ ಸರಿ. ಹಳೆಯದಾದರೂ ಸರಿ, ಹೊಸದಾದರೂ ಸರಿ. ಬೇರೆ ಹೆಂಗಸರು ಸೀರೆ ಕೂಡಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಸೀರೆಗೆ ಕಪಾಟು ಇರುತ್ತದೆ, ಕಪಾಟಿಗೆ ಕೀಲಿ ಇರುತ್ತದೆ. ನನ್ನ ಪುಸ್ತಕಗಳಿಗೆ ಸಿಕ್ಕದ್ದು ನಡುಮನೆಯ ಕಿಟಕಿಯ ಪಕ್ಕದ ಒಂದು ಕಬ್ಬಿಣದ ರ‍್ಯಾಕು. ಮಾವನವರು ಇದ್ದಾಗ ಅದರಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧಿಯ ಡಬ್ಬಿ ಇಡುತ್ತಿದ್ದರು. ಅದನ್ನು ತಿಕ್ಕಿ ತೊಳೆದು ವಾಸನೆ ಹೋಗಿಸಲು ಎರಡು ಬೇಸಿಗೆ ಬೇಕಾದವು.

ನಮ್ಮೂರು ಕಾಗವಾಡದ ಕಡೆಯದು. ಕಬ್ಬು, ದ್ರಾಕ್ಷಿ, ಅರಿಸಿನ ಬೆಳೆಯುವ ಜೈನರ ಮನೆ ನಮ್ಮದು. "ರೈತರ ಮನ್ಯಾಗ ಗಿಡಾ ಬೆಳ್ಯಾಕ ಪುಸ್ತಕ ಯಾಕ ಬೇಕ?" ಎಂದು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಬಂದ ಬೀಗರ ಮುಂದೆಲ್ಲ ಕೇಳಿ ನಗುತ್ತಾರೆ. ಇದೇ ಮನುಷ್ಯ ಔಷಧಿ ಅಂಗಡಿಯವನು ಫೋನಿನಲ್ಲಿ ಹೇಳಿದ್ದನ್ನು ಕಣ್ಣು ಮುಚ್ಚಿಕೊಂಡು ಹೊಲಕ್ಕೆಲ್ಲ ಹೊಡೆಸುತ್ತಾರೆ. ಅಂಗಡಿಯವನ ಮಾತು ವಿಜ್ಞಾನ, ನನ್ನ ಪುಸ್ತಕ ಹುಚ್ಚು.

ಮೊದಲ ಪುಸ್ತಕ ಸಿಕ್ಕಿದ್ದು ನಿಪ್ಪಾಣಿಯ ಒಂದು ರದ್ದಿ ಅಂಗಡಿಯಲ್ಲಿ. ಮರಾಠಿಯದು, ಗುಲಾಬಿಯ ಬಗ್ಗೆ. ರಟ್ಟು ಇಲ್ಲ, ಹೆಸರಿನ ಹಾಳೆ ಇಲ್ಲ. ಕೊನೆಯ ಕೆಲವು ಹಾಳೆಗಳಲ್ಲಿ ಅಂಗಡಿಯವನು ಆಗಲೇ ಯಾರಿಗೋ ತಂಬಾಕು ಕಟ್ಟಿ ಕೊಟ್ಟಿದ್ದ. ಹೀಗಾಗಿ ಬಳ್ಳಿ ಗುಲಾಬಿಯನ್ನು ಹೇಗೆ ಸವರಬೇಕು ಎಂಬ ವಿಷಯ ನನ್ನ ಪುಸ್ತಕದಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ. ಉಳಿದರ್ಧ ನಿಪ್ಪಾಣಿಯ ಯಾವುದೋ ಜೇಬಿನಲ್ಲಿ ಹರಿದುಹೋಯಿತು. ಅದನ್ನು ನೆನೆದರೆ ನನಗೆ ಈಗಲೂ ಹಲ್ಲು ಕಡಿಯುವಷ್ಟು ಕೋಪ ಬರುತ್ತದೆ.

ಆದರೆ ಆ ಪುಸ್ತಕದಷ್ಟು ಸುಖ ಕೊಟ್ಟದ್ದು ಇನ್ನೊಂದಿಲ್ಲ. ನನಗಿಂತ ಮೊದಲು ಅದನ್ನು ಓದಿದ ಯಾರೋ ಪೆನ್ಸಿಲ್ಲಿನಿಂದ ಅಂಚಿನ ತುಂಬ ಜಗಳ ಆಡಿದ್ದಾರೆ. ದಿನಾ ನೀರು ಹಾಕಿ ಎಂದಿರುವಲ್ಲಿ ‘ಸಾಫ್ ಖೋಟಂ’, ಅಂದರೆ ಶುದ್ಧ ಸುಳ್ಳು, ಎಂದು ಬರೆದಿದ್ದಾರೆ. ಇನ್ನೊಂದು ಕಡೆ, ‘ನಮ್ಮ ಕಡೆಯ ಕಪ್ಪು ಮಣ್ಣನ್ನು ಈ ಪುಣ್ಯಾತ್ಮ ಕಣ್ಣಿನಿಂದ ನೋಡಿಲ್ಲ’ ಎಂದಿದೆ. ಗಂಡಸೋ ಹೆಂಗಸೋ ಗೊತ್ತಿಲ್ಲ. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಒಬ್ಬಳೇ ಕೂತಾಗ ಆ ಅಂಚುಗಳನ್ನು ಓದಿ ನಕ್ಕಿದ್ದೇನೆ. ನನ್ನಂಥ ಸಿಟ್ಟಿನವರು ಇನ್ನೊಬ್ಬರು ಇದ್ದರಲ್ಲ ಎಂದು ಸಮಾಧಾನವಾಗುತ್ತಿತ್ತು.

ಆಮೇಲೆ ಒಂದೊಂದೇ ಬಂದು ಸೇರಿದವು. ಚಿಕ್ಕೋಡಿಯ ಸಂತೆಯಲ್ಲಿ ಚಾದರದ ಮೇಲೆ ಹರವಿದ್ದ ನಿಂಬೆ, ದಾಳಿಂಬೆಯ ಕಿರುಪುಸ್ತಕಗಳು. ಮೀರಜಿನಿಂದ ತಂದ ಇಂಗ್ಲಿಷ್ ಬೀಜದ ಕ್ಯಾಟಲಾಗು. ಅದರಲ್ಲಿ ಹೂಕೋಸಿನ ಚಿತ್ರವನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾರೆಂದರೆ ಒಂದೊಂದು ಗಂಟೂ ಎಣಿಸಬಹುದು. ಇನ್ನು ಅಂಚೆಯಲ್ಲಿ ತರಿಸುವ ಹೊಸ ಕನ್ನಡ ಪುಸ್ತಕಗಳು. ಹೊಳೆಯುವ ಕಾಗದ, ಒಳ್ಳೆಯ ಫೋಟೋ. ಆದರೆ ಬರೆಯುವವರಿಗೆ ‘ನಿಮ್ಮ ಬಾಲ್ಕನಿಯ ಮೂಲೆ’ ಬಿಟ್ಟರೆ ಬೇರೆ ಭೂಮಿಯೇ ಕಂಡಿಲ್ಲ. ಬೇಸಿಗೆಯಲ್ಲಿ ಕುಂಡಗಳನ್ನು ‘ತಂಪಾದ ಜಾಗಕ್ಕೆ’ ಸರಿಸಬೇಕಂತೆ. ಏಪ್ರಿಲಿನಲ್ಲಿ ನಮ್ಮ ಅಥಣಿಯ ಕಡೆಗೆ ಬಂದು ಅಂಥ ಜಾಗ ಯಾವುದೆಂದು ತೋರಿಸಿದರೆ ಮೊದಲು ನಾನೇ ಹೋಗಿ ಅಲ್ಲಿ ಕೂತುಕೊಳ್ಳುತ್ತೇನೆ. ಇಷ್ಟು ಬೈದರೂ ಪ್ರತಿ ಪುಸ್ತಕವನ್ನೂ ಕೊನೆಯ ಪುಟದವರೆಗೆ ಓದುತ್ತೇನೆ. ಬೈಯುತ್ತ ಓದುವುದೂ ಒಂದು ರುಚಿ.

ಮೊನ್ನೆ ಶ್ರುತಪಂಚಮಿಗೆ ನಾನು ಊರಲ್ಲಿರಲಿಲ್ಲ. ಶ್ರುತಪಂಚಮಿ ಎಂದರೆ ನಮ್ಮಲ್ಲಿ ಪುಸ್ತಕಗಳ ಹಬ್ಬ. ಬಸದಿಯ ಗ್ರಂಥಗಳನ್ನೆಲ್ಲ ಹೊರಗೆ ತಂದು, ಬಿಸಿಲು ತೋರಿಸಿ, ಧೂಳು ಕೊಡವಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜೆ ಮಾಡುತ್ತಾರೆ. ಆ ದಿನ ಶಾಸ್ತ್ರದಾನ ಮಾಡಿದರೆ ದೊಡ್ಡ ಪುಣ್ಯ. ಈ ವರ್ಷ ನಮ್ಮೂರ ಬಸದಿಯಲ್ಲಿ ಪುಸ್ತಕಕ್ಕೆಂದೇ ಹೊಸ ಕೋಣೆ ಕಟ್ಟಿಸಿದ್ದರು. ಮನೆಮನೆಯವರು ಪುಸ್ತಕ ಕೊಡಬೇಕು, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುತ್ತೇವೆ ಎಂದು ಪ್ರಕಟಿಸಿದ್ದರು. ನಮ್ಮ ಭಾವನಿಗೆ ಮೈಕು ಎಂದರೆ ಜೀವ. ನಾನು ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸತ್ತಿ ಎಂಬ ನನ್ನ ತವರೂರಿಗೆ ಹೋಗಿದ್ದೆ.

ಮರುದಿನ ಸಂಜೆ ಬಸ್ಸಿಳಿದು ಮನೆಗೆ ಬರುತ್ತಿದ್ದಾಗ ಪಕ್ಕದ ಮನೆಯಾಕೆ ಕಟ್ಟೆಯ ಮೇಲಿಂದಲೇ ಕೂಗಿದಳು. "ವೈನಿ, ಪುಣ್ಯಾ ಮಾಡೀರಿ ನೋಡ್ರಿ! ನಿಮ್ಮ ಮಾಂವನ ಹೆಸರು ಎಷ್ಟ ಚಂದ ಹೇಳಿದ್ರು ಮೈಕನ್ಯಾಗ. ಇಡೀ ಊರಾಗ ನಿಮ್ಮ ಮನಿದ ಎಲ್ಲಾರಕ್ಕಿಂತ ಹೆಚ್ಚ ಪುಸ್ತಕ."

ನಮ್ಮ ಮನೆಯಲ್ಲಿ ಪುಸ್ತಕ ಎಂದು ಇದ್ದದ್ದು ನನ್ನವು ಮಾತ್ರ. ಕಾಲು ಎಳೆದುಕೊಂಡು ನಡುಮನೆಗೆ ಬಂದೆ. ರ‍್ಯಾಕಿನ ಮೇಲೆ ಸಾಬೂನಿನ ಪುಡಿಯ ಪಾಕೀಟು, ಮೋಟರಿನ ಹಳೆಯ ಸ್ಟಾರ್ಟರು, ಅವಲಕ್ಕಿಯ ಡಬ್ಬಿ ಇದ್ದವು. ಒಂದೇ ದಿನದಲ್ಲಿ ಎಷ್ಟು ಚಂದ ತುಂಬಿಸಿದ್ದರು!

"ಅಣ್ಣ ಕೇಳ್ದ, ನಾ ಹ್ಞೂಂ ಅಂದೆ" ಎಂದರು ನನ್ನ ಗಂಡ. "ಅಪ್ಪನ ಹೆಸರಿಗೆ ಅಂತ ಕೇಳ್ದಾಗ ಹ್ಯಾಂಗ ಒಲ್ಲೆ ಅನ್ನೂದು?"

"ನನ್ನ ಕೇಳಬೇಕಾಗಿತ್ತಲ್ರಿ. ಫೋನ್ ಇರಲಿಲ್ಲೇನ?"

"ನೀ ಒಲ್ಲೆ ಅಂತಿದ್ದಿ."

ಈ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಬೇಡ ಎನ್ನುತ್ತೇನೆಂದು ಗೊತ್ತಿದ್ದುದರಿಂದಲೇ ಕೇಳಲಿಲ್ಲ ಎಂದು ಎದುರಿಗೇ ಹೇಳುತ್ತಿದ್ದಾರೆ, ಅದೂ ನನಗೆ ತಿಳಿಯಲಿ ಎಂಬಂತೆ ಸಾವಕಾಶವಾಗಿ. ಹೊರಗಿನಿಂದ ಭಾವನ ದನಿ ಬಂತು. "ಜ್ಞಾನ ಅನ್ನೂದು ಎಲ್ಲಾ ಒಂದವಾ. ಧೂಳಾ ತಿಂದ ಬಿದ್ದಿದ್ದು, ದೇವರ ಕಡೆ ಹೋತು. ಇನ್ನ ಅದರ ಸುದ್ದಿ ಬ್ಯಾಡ, ನಿರ್ಮಾಲ್ಯ ಆತು."

ಅವರು ಆ ಕೊನೆಯ ಮಾತನ್ನು ಬೇಕೆಂದೇ ಹೇಳಿದರು. ನಮ್ಮವರಲ್ಲಿ ಒಮ್ಮೆ ದೇವರಿಗೆ ಸಲ್ಲಿಸಿದ್ದು ನಿರ್ಮಾಲ್ಯ. ಒಂದು ಅಕ್ಕಿ ಕಾಳಾಗಲಿ, ಬಾದಾಮಿಯಾಗಲಿ, ಅದನ್ನು ಮನೆಗೆ ವಾಪಸು ತಂದರೆ ಮಹಾಪಾಪ. ನಮ್ಮತ್ತೆಯಂತೂ ಹೊತ್ತು ಮುಳುಗಿದ ಮೇಲೆ ನೀರೂ ಕುಡಿಯದ ವ್ರತದ ಹೆಂಗಸು. ಅವರ ಎದುರು ನಿರ್ಮಾಲ್ಯ ಎಂದುಬಿಟ್ಟರೆ ನನ್ನ ಬಾಯಿಗೆ ಬೀಗ ಬಿದ್ದಂತೆ ಎಂದು ಭಾವನ ಲೆಕ್ಕ. ಅತ್ತೆ ಜಪಮಣಿ ಎಣಿಸುತ್ತ ಕೂತಿದ್ದರು.

ಮರುದಿನ ಬೆಳಿಗ್ಗೆ ಅಭಿಷೇಕ ಮುಗಿಯುವ ಹೊತ್ತಿಗೆ ಬಸದಿಗೆ ಹೋದೆ. ಮನೆಯವರೆಲ್ಲ ಅಲ್ಲೇ ಇದ್ದರು. ಹೊಸ ಕೋಣೆಯ ಗಾಜಿನ ಕಪಾಟಿನಲ್ಲಿ ಎಲ್ಲ ಪುಸ್ತಕಗಳನ್ನೂ ಹಳದಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ ಜೋಡಿಸಿದ್ದರು. ಯಾವುದು ಶಾಸ್ತ್ರ, ಯಾವುದು ಬದನೆಕಾಯಿ ಎಂದು ಹೊರಗಿನಿಂದ ಗೊತ್ತಾಗುವಂತಿರಲಿಲ್ಲ. ಕಟ್ಟುವಾಗ ಯಾರೂ ಒಂದು ಪುಟವನ್ನಾದರೂ ತೆರೆದು ನೋಡಿರಲಿಲ್ಲ. ದಾನ ಕೊಟ್ಟವರೂ ಓದಲಿಲ್ಲ, ದಾನ ತೆಗೆದುಕೊಂಡವರೂ ಓದಲಿಲ್ಲ. ಪುಸ್ತಕಕ್ಕೆ ಕೈ ಮುಗಿದದ್ದಷ್ಟೇ.

ಬಸದಿಯ ಕಮಿಟಿಯ ಹಿರಿಯರು ನನಗೂ ಪರಿಚಿತರು. ನನ್ನ ಪುಸ್ತಕ ನನಗೆ ಬೇಕು ಎಂದೆ. ಅವರು ಮೆತ್ತಗೆ, "ಕೊಟ್ಟದ್ದು ತಿರುಗಿ ಕೇಳಬಾರದವಾ. ನಿನಗ ಬೇಕಾದಾಗ ಬಾ, ಇಲ್ಲೇ ಕೂತ ಓದು" ಎಂದರು. ಅವರು ಒಳ್ಳೆಯವರು. ಒಳ್ಳೆಯವರ ಮೆತ್ತಗಿನ ಮಾತು ನನಗೆ ಇನ್ನೂ ಸಿಟ್ಟು ಬರಿಸುತ್ತದೆ, ತಿರುಗಿ ಬೈಯಲು ಜಾಗವೇ ಇರುವುದಿಲ್ಲ.

"ಏನ ಇಟ್ಟೀರಿ ಅಂತರ ಗೊತ್ತೈತೇನ್ರಿ ನಿಮಗ?" ಎಂದು ಕಪಾಟು ತೆಗೆದೆ. ದಪ್ಪ ನೋಡಿ ಗುಲಾಬಿ ಪುಸ್ತಕವನ್ನು ಹುಡುಕಿ, ದಾರ ಬಿಚ್ಚಿ, ಗೊಬ್ಬರದ ಅಧ್ಯಾಯ ತೆರೆದೆ. ಮರಾಠಿಯಲ್ಲಿದ್ದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಗಿಡ ನೆಡುವ ಗುಂಡಿಗೆ ಒಂದು ಬೊಗಸೆ ಎಲುಬಿನ ಪುಡಿ. ಒಣಗಿಸಿದ ರಕ್ತ ಸಿಕ್ಕರೆ ಇನ್ನೂ ಉತ್ತಮ. ಮೀನಿನ ಗೊಬ್ಬರದ ವಾಸನೆಗೆ ಹೆದರಬಾರದು. ನಾನು ಇವನ್ನೆಲ್ಲ ಓದುವುದಷ್ಟೇ, ಗಿಡಕ್ಕೆ ಹಾಕುವುದು ಶೇಂಗಾ ಹಿಂಡಿ. ಆದರೆ ಬಸದಿಯೊಳಗೆ, ಗ್ರಂಥಗಳ ಮಗ್ಗುಲಲ್ಲಿ, ಹಳದಿ ಬಟ್ಟೆಯಲ್ಲಿ ಎಲುಬು ಮತ್ತು ರಕ್ತ! ಪೂಜೆಗೆ ಬಂದ ಹೆಂಗಸರು ಕಿವಿ ಮುಚ್ಚಿಕೊಂಡರು. ಭಾವನ ಮುಖ ಕಪ್ಪಿಟ್ಟಿತು. ನನಗೆ ಒಂದು ಗಳಿಗೆ ಸ್ವರ್ಗ ಸಿಕ್ಕಂತಾಯಿತು.

ಒಂದೇ ಗಳಿಗೆ. ಹಿರಿಯರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಹೇಳಿದರು. "ಹಂಗಾರ ಇಲ್ಲಿ ಇಡಾಕ ಬರೂದಿಲ್ಲ. ನಿರ್ಮಾಲ್ಯ ಆದದ್ದು ಮನಿಗಿ ಕೊಡಾಕೂ ಬರೂದಿಲ್ಲ. ಹೊಳಿಗಿ ಬಿಟ್ಟಬಿಡೂನು."

ಜೀರ್ಣವಾದ ಗ್ರಂಥಗಳನ್ನು ನಮ್ಮವರು ಕೃಷ್ಣೆಗೆ ಬಿಡುವುದುಂಟು. ಎಲ್ಲರೂ ತಲೆಯಾಡಿಸಿದರು. ಕಪಾಟಿನಲ್ಲಿದ್ದಿದ್ದರೆ ಬಂದು ಓದಬಹುದಾಗಿದ್ದ ಪುಸ್ತಕಗಳನ್ನು ನನ್ನ ನಾಲಿಗೆಯೇ ಹೊಳೆಗೆ ತಳ್ಳಿತ್ತು.

ಅಳು ಬರುವಂತಿತ್ತು. ಅಳು ಬಂದರೆ ಮುಗಿಯಿತು, ಹೆಂಗಸಿನ ಅಳುವಿಗೆ ಎಲ್ಲರ ಹತ್ತಿರವೂ ಸಮಾಧಾನದ ಮಾತು ತಯಾರಿರುತ್ತದೆ. ಹಲ್ಲು ಕಚ್ಚಿಕೊಂಡು ಕೇಳಿದೆ. "ಪಾಠಶಾಳ್ಯಾಗ ಹುಡುಗೂರಿಗೆ ಅಚೌರ್ಯ ಅಂದ್ರ ಏನಂತ ಕಲಸ್ತೀರಿ? ಒಡೆಯಾರು ಕೊಡಲಾರದ್ದನ್ನ ತಗೊಂಡ್ರ ಕಳವ ಹೌದಲ್ರಿ? ಈ ಪುಸ್ತಕ ನಾ ಕೊಟ್ಟಿಲ್ಲ. ಕಳವಿನ ಸಾಮಾನು ದಾನ ಹ್ಯಾಂಗ ಆಕ್ಕೈತಿ? ದಾನನ ಅಲ್ಲಂದ್ರ ನಿರ್ಮಾಲ್ಯ ಹ್ಯಾಂಗ ಆಕ್ಕೈತಿ?"

"ಹಂಗಾರ ನಾ ಕಳ್ಳ ಏನು?" ಭಾವ ಎದ್ದು ನಿಂತರು.

"ಹೌದ್ರಿ" ಎಂದೆ.

ಮದುವೆಯಾಗಿ ಬಂದಾಗಿನಿಂದ ಅವರ ಮುಖ ನೋಡಿ ನಾನು ಮಾತಾಡಿದ್ದೇ ಕಡಿಮೆ. ಹಿರಿಯರು ನನ್ನನ್ನು ಬಿಟ್ಟು ನನ್ನ ಗಂಡನ ಕಡೆಗೆ ತಿರುಗಿದರು. "ನೀ ಹೇಳಪಾ. ಪುಸ್ತಕ ಯಾರವು?"

ಗಂಡ ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು, ಆಮೇಲೆ ನೆಲ ನೋಡಿದರು. "ಮನ್ಯಾನವು ರಿ" ಎಂದರು.

ಬಸ್ ಹಿಡಿದು ನಿಪ್ಪಾಣಿಗೆ ಹೋದವಳು ನಾನು. ರದ್ದಿಯ ರಾಶಿಯಲ್ಲಿ ಕೈಯಾಡಿಸಿ ಕೆಮ್ಮಿದವಳು ನಾನು. ರ‍್ಯಾಕು ತಿಕ್ಕಿದವಳು ನಾನು. ಪುಸ್ತಕ ಮಾತ್ರ ಮನೆಯವು. ಆ ಗಳಿಗೆಯಲ್ಲಿ ಭಾವನ ಮೇಲಿನ ಸಿಟ್ಟೆಲ್ಲ ಗಂಡನ ಕಡೆಗೆ ತಿರುಗಿತು. ಅಣ್ಣ ಕಸಿದದ್ದು ಒಂದು ಸಲ, ಇವರು ಕೊಟ್ಟದ್ದು ಎರಡು ಸಲ.

ಆಗ ಗೋಡೆಗೆ ಒರಗಿ ಕೂತಿದ್ದ ಅತ್ತೆ ಜಪಮಣಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಎದ್ದರು. "ಕೊಟ್ಟಬಿಡ್ರಿ ಅಕಿಗಿ" ಎಂದರು. "ಸೊಸಿ ಮನಸ ನೊಂದು ಬಂದ ಪುಣ್ಯಾ ನನ್ನ ಗಂಡನ ಹೆಸರಿಗೆ ಬ್ಯಾಡ." ಅಷ್ಟು ಹೇಳಿ ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಹಿರಿಯರಿಗೂ ಅಷ್ಟೇ ಬೇಕಾಗಿತ್ತು. ಹಳದಿ ಬಟ್ಟೆಗಳನ್ನು ಬಿಚ್ಚಿಸಿ ಇಟ್ಟುಕೊಂಡು, ಪುಸ್ತಕಗಳನ್ನು ಗೊಬ್ಬರದ ಖಾಲಿ ಚೀಲಗಳಿಗೆ ತುಂಬಿಸಿದರು.

ನಾನು ಮೊದಲು ಮನೆಗೆ ಬಂದು ರ‍್ಯಾಕನ್ನು ಖಾಲಿ ಮಾಡಿದೆ. ಎಲ್ಲರೂ ಅಂದುಕೊಂಡಂತೆ ನನಗೆ ಖುಷಿಯಾಗಲಿಲ್ಲ. ಅತ್ತೆಯ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ಪುಸ್ತಕ ತಿರುಗಿ ಬಂದದ್ದು ತೀರಿಹೋದ ಮಾವನವರ ಪುಣ್ಯ ಕೆಡಬಾರದು ಎಂದು. ಅವು ನನ್ನವು ಎಂದು ಇಡೀ ಬಸದಿಯಲ್ಲಿ ಒಬ್ಬರೂ ಹೇಳಲಿಲ್ಲ.

ಗಂಡ ಮೊದಲ ಚೀಲ ಹೆಗಲ ಮೇಲೆ ಹೊತ್ತು ಬಂದರು. ಭಾವ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬಾಜೂಕ ಸರಿ. ಭಾಳ ವಜ್ಜಾ ಐತಿ."

"ಯಾರ ಪುಸ್ತಕರಿ ಅವು?"

"ಬಂದಾವಲ್ಲ ಈಗ, ಮತ್ತೇನ?"

"ಯಾರವು?"

ಅವರು ಅಣ್ಣನ ಕಡೆ ನೋಡಿದರು. ಕುತ್ತಿಗೆಯ ನರ ಉಬ್ಬಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. "ನಿನ್ನವು" ಎಂದರು, ಚೀಲಕ್ಕಷ್ಟೇ ಕೇಳುವಂತೆ.

"ಕೇಳಸಲಿಲ್ಲ."

"ನಿನ್ನವು! ನಿನ್ನವು ಅಂದ್ನೆಲ್ಲಾ!"

ಅಣ್ಣನ ಎದುರು ಅವರು ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಬಾಗಿಲು ಬಿಟ್ಟು ಸರಿದು ನಿಂತೆ.