ಹಾಕದೆ ಉಳಿದ ಹಿಡಿಮಣ್ಣು

ಪೀಣ್ಯದಲ್ಲಿ ನನಗೆ ಮೊದಲು ಕೆಲಸ ಸಿಕ್ಕಿತು, ಹದಿನೈದು ದಿನಕ್ಕೆ ಕೋಣೆ ಸಿಕ್ಕಿತು. ಕೂತು ಮಾತನಾಡಲು ಒಬ್ಬ ಮನುಷ್ಯ ಸಿಗಬೇಕಾದರೆ ಐದು ತಿಂಗಳು ಹಿಡಿಯಿತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತುಮಕೂರು ರಸ್ತೆಯ ಪಕ್ಕದಲ್ಲಿ ಶೀಟು ಹೊದಿಸಿದ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ಎರಡು ಕಾರ್ಖಾನೆಗಳ ನಡುವೆ ಇನ್ನೂ ರಾಗಿ ಹೊಲ, ಹೊಲದ ನಡುವೆ ಹೊಸ ಕರೆಂಟ್ ಕಂಬ. ನಾನು ತುಮಕೂರಿನಾಚೆಯ ಸಣ್ಣ ಊರೊಂದರಿಂದ ಐಟಿಐ ಸರ್ಟಿಫಿಕೇಟು, ಒಂದು ಟ್ರಂಕು, ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿ ಹಿಡಿದುಕೊಂಡು ಬಂದು, ಪಂಪು ಮಾಡುವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದ್ದೆ.

ನನ್ನನ್ನು ಸಾಕಿದವರು ಅಜ್ಜಿ ಮತ್ತು ತಾತ. ನನ್ನ ಮಾತು, ನಡತೆ, ಉಣ್ಣುವಾಗ ಕೈ ಚಾಚುವ ರೀತಿ ಎಲ್ಲವೂ ಅವರದೇ. ಅಜ್ಜಿ ಹೇಳಿಕೊಟ್ಟದ್ದರಲ್ಲಿ ಮುಖ್ಯವಾದದ್ದು ಒಂದು: ಕರೆಯದೆ ಯಾರ ಹೊಸಿಲನ್ನೂ ತುಳಿಯಬೇಡ, ಹಸಿದಿದ್ದರೂ ಸರಿ. ನಮ್ಮ ಊರಿನ ಬೀದಿಯಲ್ಲಿ ಅದು ನಡೆಯುತ್ತಿತ್ತು. ಅಲ್ಲಿ ದಿನಕ್ಕೆ ನಾಲ್ಕು ಸಲ ಯಾರಾದರೂ ಕರೆಯುತ್ತಲೇ ಇದ್ದರು. ಪೀಣ್ಯದಲ್ಲಿ ಯಾರು ಕರೆಯಬೇಕು?

ಕಾರ್ಖಾನೆಯಲ್ಲಿ ಜನ ಇದ್ದರು, ಇಲ್ಲವೆಂದಲ್ಲ. ಊಟದ ಹೊತ್ತಿಗೆ ತಮಿಳಿನವರು ಒಂದು ಕಡೆ, ಮಲಯಾಳದವರು ಒಂದು ಕಡೆ ಡಬ್ಬಿ ಬಿಚ್ಚುತ್ತಿದ್ದರು. ಸೈರನ್ ಕೂಗಿದ ಕೂಡಲೇ ಎಲ್ಲರೂ ಬಸ್ಸಿಗೆ ಓಡುತ್ತಿದ್ದರು. ನನ್ನ ಬೆಂಚಿನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಲೇತ್ ಆಪರೇಟರ್, ಒಳ್ಳೆಯ ಹುಡುಗ, ಒಂದು ದಿನ "ನಮ್ಮನೆ ಕಡೆ ಬಾ ಗುರು ಒಂದ್ಸಲ" ಅಂದ. ನನಗೆ ಎದೆ ತುಂಬಿ ಬಂತು. ಅವನು ಯಾವ ದಿನ ಅಂತ ಹೇಳಲಿ ಎಂದು ಕಾದೆ. ಅವನು ದಿನ ಹೇಳಲಿಲ್ಲ, ನಾನು ಹೋಗಲಿಲ್ಲ. ಆ ಮಾತು ಅಲ್ಲಿಗೇ ತುಕ್ಕು ಹಿಡಿಯಿತು.

ಭಾನುವಾರಗಳು ಬಹಳ ಕೆಟ್ಟವು. ಎಣ್ಣೆ ಕುಡಿದ ಸಮವಸ್ತ್ರ ಒಗೆದು ಹಾಕಿದರೆ ಹತ್ತು ಗಂಟೆ. ಅಲ್ಲಿಂದಾಚೆ ಏನು? ಬಸ್ಸು ಹತ್ತಿ ಯಶವಂತಪುರಕ್ಕೆ ಹೋಗಿ, ಹೋಟೆಲಿನಲ್ಲಿ ಕೂತು, ಬೇರೆಯವರು ಮಾತನಾಡುವುದನ್ನು ಕೇಳಿಸಿಕೊಂಡು ವಾಪಸು ಬರುತ್ತಿದ್ದೆ. ಇಡೀ ದಿನಕ್ಕೆ ನನ್ನ ಬಾಯಿಂದ ಹೊರಟದ್ದು "ಒಂದು ಕಾಫಿ" ಅನ್ನುವ ಎರಡು ಶಬ್ದ. ಸೋಮವಾರ ಬೆಳಿಗ್ಗೆ ಮಾತನಾಡಲು ಹೋದರೆ ಗಂಟಲು ಕಟ್ಟಿರುತ್ತಿತ್ತು.

ನಾನಿದ್ದ ಕೋಣೆ ಮೊದಲು ದನದ ಕೊಟ್ಟಿಗೆಯಾಗಿತ್ತು. ಮನೆಯವರು ಆ ಊರಿನ ಹಳೆಯ ಒಕ್ಕಲು ಮಕ್ಕಳು. ಹೊಲವೆಲ್ಲ ಕೈಗಾರಿಕೆಗೆ ಹೋದ ಮೇಲೆ ದನ ಮಾರಿ, ಕೊಟ್ಟಿಗೆಗೆ ಎರಡು ಅಡ್ಡಗೋಡೆ ಹಾಕಿ ಮೂರು ಕೋಣೆ ಮಾಡಿದ್ದರು. ನನ್ನ ಗೋಡೆಯಲ್ಲಿ ದನ ಕಟ್ಟುವ ಕಬ್ಬಿಣದ ಬಳೆ ಹಾಗೇ ಇತ್ತು. ಅದಕ್ಕೆ ನಾನು ಊಟದ ಚೀಲ ತಗುಲಿಸುತ್ತಿದ್ದೆ. ಮನೆಯ ಯಜಮಾನರನ್ನು ಅಣ್ಣ ಅಂತಲೂ ಅವರ ಹೆಂಡತಿಯನ್ನು ಅಕ್ಕ ಅಂತಲೂ ಕರೆಯುತ್ತಿದ್ದೆ. ಆದರೆ ಅದು ಅಂಗಡಿಯವನನ್ನೂ ಅಣ್ಣ ಅನ್ನುವ ಹಾಗಿನ ಕರೆ. ಅವರು ನನಗೆ ಸಾರ್ ಅನ್ನುತ್ತಿದ್ದರು.

ಅಣ್ಣನ ತಂದೆ, ಎಪ್ಪತ್ತು ದಾಟಿದ ಮುದುಕ, ದಿನವಿಡೀ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿರುತ್ತಿತ್ತು. ನಾನು ದಿನಾ ತಲೆ ತಗ್ಗಿಸಿ ಅದರ ಮುಂದೆಯೇ ಹೋಗುತ್ತಿದ್ದೆ. ಐದನೇ ತಿಂಗಳಿನಲ್ಲಿ ಒಂದು ಸಂಜೆ ಅದೇ ಬಾಯಿ ಬಿಟ್ಟಿತು.

"ಯಾವ್ ಪ್ಯಾಕ್ಟ್ರಿ ನಿಂದು?"

ಹೇಳಿದೆ.

"ಆ ನೀಲಿ ಗೇಟಿಂದಾ? ಅದು ನನ್ ಒಲ ಕಣಪ್ಪ. ಇವತ್ತು ಏನ್ ಬೆಳೆದ್ರಿ?"

ತಮಾಷೆಯೋ ಸಿಟ್ಟೋ ತಿಳಿಯಲಿಲ್ಲ. "ಪಂಪು ತಾತ" ಅಂದೆ.

ಮುದುಕ ಕಂಬಕ್ಕೆ ಒರಗಿದ್ದ ಬೆನ್ನು ನೆಟ್ಟಗೆ ಮಾಡಿಕೊಂಡಿತು. "ಅರವತ್ ವರ್ಸ ಆ ನೆಲದಾಗೆ ನಿಂತ್ಕಂಡು ಮೋಡ ನೋಡಿದೀನಿ. ಒಂದ್ ಬಾವಿ ತೋಡುಸ್ದೆ, ಬಂಡೆ ಬಂತು. ನೀವ್ ಅದೇ ನೆಲದಾಗೆ ಪಂಪ್ ಬೆಳೀತಿದೀರ. ನಗ್ಬೇಕೋ ಅಳ್ಬೇಕೋ ನೀನೇ ಏಳು."

ನಾನು ನಕ್ಕೆ. ಅದೂ ನಕ್ಕಿತು. ಮಾರನೆಯ ದಿನದಿಂದ ಅದೊಂದು ಪದ್ಧತಿಯಾಯಿತು. ಬೆಳಗಿನ ಪಾಳಿ ಮುಗಿಸಿ ಎರಡೂವರೆಯ ಸೈರನ್ನಿಗೆ ಹೊರಬಿದ್ದು ಮನೆ ಮುಟ್ಟುವ ಹೊತ್ತಿಗೆ ಮುದುಕ ಕಾದಿರುತ್ತಿತ್ತು. "ಏನ್ಲಾ ಫಿಟ್ಟರಪ್ಪ, ಎಷ್ಟಾಯ್ತು ಬೆಳೆ?" ನಲವತ್ತು ತಾತ, ನಲವತ್ತೆರಡು ತಾತ. ಒಮ್ಮೆ ಮೆಷಿನ್ ಕೆಟ್ಟು ಹದಿನೆಂಟೇ ಆದಾಗ "ಈ ವರ್ಸ ಬರ" ಅಂತ ಗೋಣಾಡಿಸಿತು. ಆ ಮನೆಯಲ್ಲಿ ನಾನು ಫಿಟ್ಟರಪ್ಪನಾದದ್ದು ಹಾಗೆ. ಅಕ್ಕನ ಬಾಯಲ್ಲಿ ನೀವು ಹೋಗಿ ನೀನು ಬಂತು.

ಅವರೆಕಾಯಿ ಕಾಲ ಬಂತು. ಜಗಲಿಯ ಮೇಲೆ ಮೊರ ಇಟ್ಟುಕೊಂಡು ಎಲ್ಲರೂ ಹಿದುಕಬೇಳೆಗೆ ಕೂರುವಾಗ ಮುದುಕ ನನ್ನನ್ನೂ ಕೂರಿಸಿತು. ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಮೊರಕ್ಕೆ ಬೀಳಬೇಕು. ನನ್ನದು ಹಾರಿ ಗೋಡೆಗೆ ಬೀಳುತ್ತಿತ್ತು.

"ಫಿಟ್ಟರಪ್ಪಾ, ಅರ್ಧ ಬೇಳೆ ಗ್ವಾಡೆಗೇ ತಿನ್ನುಸ್ತಿದೀಯಲ್ಲ" ಅಂದಳು ಅಕ್ಕ.

"ಬಿಡಮ್ಮಿ. ಕಬ್ಬಿಣ ಇಡಿಯೋ ಕೈ, ಮೆತ್ತಗಾಗಕ್ಕೆ ಟೇಮ್ ಬೇಕು" ಅಂತು ಮುದುಕ.

ಆ ವಾರ ಅಜ್ಜಿಗೆ ಬರೆದ ಕಾಗದದಲ್ಲಿ, ಇಲ್ಲಿ ನನಗೊಂದು ಮನೆ ಸಿಕ್ಕಿದೆ ಎಂದು ಬರೆದೆ. ಕೋಣೆ ಸಿಕ್ಕಿದ ಸುದ್ದಿಯನ್ನು ಯಾವಾಗಲೋ ಬರೆದಿದ್ದೆಯಲ್ಲ, ಇದೇನು ಹೊಸದಾಗಿ ಎಂದು ಅಜ್ಜಿ ಯಾರ ಕೈಲೋ ಉತ್ತರ ಬರೆಸಿದಳು.

ಚಳಿ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ ಪಾಳಿ ಮುಗಿಸಿ ಬರುತ್ತಿದ್ದೆ. ದೂರದಿಂದಲೇ ತಮಟೆ ಕೇಳಿಸಿತು. ಮನೆ ಮುಂದೆ ಬೆಂಕಿ ಹಾಕಿದ್ದರು. ಮಾದನಾಯಕನಹಳ್ಳಿ ಕಡೆಯ ನೆಂಟರು ಲಾರಿಯಲ್ಲಿ ಬಂದು ಇಳಿಯುತ್ತಿದ್ದರು. ಜಗಲಿಯ ಮೇಲೆ, ಅದೇ ಕಂಬದ ಪಕ್ಕದಲ್ಲಿ, ಮುದುಕನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬೆಳಿಗ್ಗೆ ಗಂಜಿ ಕುಡಿದು ಮಲಗಿದ್ದು ಏಳಲಿಲ್ಲವಂತೆ. ಆ ದಿನ ನಾವು ನಲವತ್ತೈದು ಪಂಪು ಮಾಡಿದ್ದೆವು. ಹಿಂದೆಂದೂ ಅಷ್ಟು ಆಗಿರಲಿಲ್ಲ. ಹೇಳಬೇಕೆಂದು ಬೇಗ ಬೇಗ ನಡೆದು ಬಂದಿದ್ದೆ.

ಹೊಂಗೆ ಮರದ ಕೆಳಗೆ ಗಂಡಸರ ಗುಂಪಿನ ಅಂಚಿನಲ್ಲಿ ನಿಂತೆ. ಒಬ್ಬ ಹಿರಿಯರು ನನ್ನ ಎಣ್ಣೆ ಬಟ್ಟೆ ನೋಡಿ, "ಯಾರ್ ಕಡೆಯೋರಪ್ಪ ನೀನು?" ಅಂದರು.

"ಇಲ್ಲೇ ಬಾಡಿಗೆಗಿದ್ದೀನಿ" ಅಂದೆ.

"ಓ" ಅಂತ ಅವರು ಮುಖ ಆ ಕಡೆ ತಿರುಗಿಸಿದರು.

ಇಲ್ಲಿ ನಮ್ಮ ಊರಿನ ಒಂದು ವಾಡಿಕೆ ಹೇಳಬೇಕು. ನಮ್ಮ ಬೀದಿಯಲ್ಲಿ ಸಾವಾದರೆ ಒಬ್ಬ ಆಳು ಮನೆ ಮನೆಗೆ ಹೋಗಿ ಸುದ್ದಿ ಹೇಳಿ ಬರುತ್ತಿದ್ದ. ಹೇಳಿಸಿಕೊಂಡ ಮನೆಯವರು ಹೋಗುತ್ತಿದ್ದರು. ಹೇಳಿಸಿಕೊಳ್ಳದವರು ತಮ್ಮ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದರು. ದುಃಖದ ಮನೆಯಲ್ಲಿ ಹೊರಗಿನವರು ಅಡ್ಡಾಡಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಅಲ್ಲಿ ನಿಂತು ಯಾರಾದರೂ ಒಂದು ಮಾತು ಹೇಳಲಿ ಎಂದು ಕಾದೆ. ಬಾ ಅಂದರೆ ಸಾಕಿತ್ತು. ಅಣ್ಣ ಬಿಂದಿಗೆ ಹಿಡಿದುಕೊಂಡು ತೊಟ್ಟಿಯ ಹತ್ತಿರ ಬಂದರು. ನನ್ನನ್ನು ನೋಡಿದರು. ನೀರು ತುಂಬಿಕೊಂಡು ಇನ್ನೊಮ್ಮೆ ನೋಡಿದರು. ಮಾತನಾಡಲಿಲ್ಲ. ನಾನು ತಲೆ ತಗ್ಗಿಸಿದೆ.

ಚಟ್ಟ ಎತ್ತಿದಾಗ ನಾನು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೈ ಮುಗಿದೆ. ಆಮೇಲೆ ಒಳಗೆ ಹೋಗಿ ಕೂತೆ. ತಮಟೆ ಕಾರ್ಖಾನೆಗಳ ಕಡೆಗೆ ದೂರವಾಗುತ್ತ ಹೋಯಿತು. ಗೋಡೆಯ ಕಬ್ಬಿಣದ ಬಳೆ ನೋಡುತ್ತ ಅತ್ತೆ, ಸದ್ದಾಗದ ಹಾಗೆ. ಮರ್ಯಾದೆಯಾಗಿ ನಡೆದುಕೊಂಡೆ ಎಂದೇ ಆಗ ನಾನು ತಿಳಿದಿದ್ದೆ. ಸಂಜೆ ಎಲ್ಲರೂ ಹಿಂತಿರುಗಿ ಕಾಲು ತೊಳೆದು, ಒಳಗೆ ಹಚ್ಚಿಟ್ಟ ದೀಪ ನೋಡಿ ಒಬ್ಬೊಬ್ಬರಾಗಿ ಹೋದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು.

ಮರುದಿನ ಪಾಳಿ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ಆ ಲೇತ್ ಆಪರೇಟರ್ ಸಿಕ್ಕಿದ. ಆ ವಾರ ಅವನದು ಎರಡನೇ ಪಾಳಿ. "ನಿನ್ನೆ ನಮ್ಮ ಕಾಂಪೌಂಡ್ ಆಚೆ ಮಣ್ಣಾಯ್ತು ಗುರು. ನಿಮ್ಮ ಓನರ್ ಅಪ್ಪ ಅಂತಲ್ಲ? ತಮಟೆ ಕೇಳಿ ನಾವು ನಾಲ್ಕು ಜನ ಹೋಗಿ ಒಂದೊಂದು ಹಿಡಿ ಹಾಕಿ ಬಂದ್ವಿ. ನೀನ್ ಕಾಣ್ಲೇ ಇಲ್ಲ."

"ತಲೆನೋವಿತ್ತು" ಅಂದೆ. ಹಾಗೇಕೆ ಸುಳ್ಳು ಹೇಳಿದೆನೋ.

ಹನ್ನೊಂದನೇ ದಿನ ತಿಥಿ. ಹಿಂದಿನ ದಿನವೇ ಅಂಗಳಕ್ಕೆ ಚಪ್ಪರ ಹಾಕಿದರು. ಪಕ್ಕದ ಕೋಣೆಯ ಮಲಯಾಳದವನಿಗೆ ಅಣ್ಣ ಬಂದು ಊಟಕ್ಕೆ ಹೇಳಿ ಹೋದರು. ನನ್ನ ಬಾಗಿಲ ಮುಂದೆ ನಿಲ್ಲಲಿಲ್ಲ. ತಿಥಿಯ ದಿನ ಕೆಲಸಕ್ಕೆ ರಜೆ ಹಾಕಿ, ಬೆಳಿಗ್ಗೆ ಬೇಗನೆ ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಹೋದೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಸಂಜೆಯವರೆಗೂ ಕೂತೆ. ಊರಿನ ಬಸ್ಸು ಎರಡು ಬಂದು ಹೋದವು. ಹತ್ತಲಿಲ್ಲ.

ಹಿಂತಿರುಗಿದಾಗ ಅಕ್ಕ ತೊಟ್ಟಿಯ ಹತ್ತಿರ ದೊಡ್ಡ ಪಾತ್ರೆಗಳನ್ನು ಉಜ್ಜುತ್ತಿದ್ದಳು. ತಲೆ ಎತ್ತಿ, "ಊಟ ಆಯ್ತಾ ಸಾರ್?" ಅಂದಳು.

ಸಾರ್. ಅದನ್ನು ನನಗೆ ತಡೆಯಲಾಗಲಿಲ್ಲ.

"ಅಕ್ಕ, ನಾನು ಹೊರಗಿನೋನು, ಗೊತ್ತು. ಆದ್ರೂ ತಾತನ ತಿಥಿಗೆ ನನಗೂ ಒಂದ್ ಮಾತು ಹೇಳ್ಬಹುದಿತ್ತು."

ಅವಳು ಕೈಯಲ್ಲಿದ್ದ ತೆಂಗಿನ ನಾರನ್ನು ಕೆಳಗಿಟ್ಟಳು. "ಮಣ್ಣಿಗೆ ಬರ್ದಿದ್ದೋರ್ನ ಊಟಕ್ಕೆ ಎಂಗ್ ಕರೆಯೋದು ಸಾರ್? ಪಕ್ಕದ್ ರೂಮಿನೋರು ಬಂದಿದ್ರು. ಅವ್ರ ಬಾಸೆ ನಮಗೆ ಬರಾಕಿಲ್ಲ, ನಮ್ದು ಅವ್ರಿಗೆ ಬರಾಕಿಲ್ಲ. ಬಂದು ಒಂದ್ ಇಡಿ ಆಕ್ಬಿಟ್ಟು ಓದ್ರು."

"ನನಗೆ ಯಾರೂ ಕರೀಲಿಲ್ಲ ಅಕ್ಕ. ನಮ್ಮೂರಲ್ಲಿ ಕರೆದ್ರೆ ಮಾತ್ರ..."

"ಮದ್ವೆಗೆ ಕರೀತಾರೆ. ಸಾವಿಗೆ ಕರೀತಾರಾ?" ಅವಳ ದನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ದೂರದ ನೆಂಟ್ರಿಗೆ ಏಳ್ ಕಳ್ಸಿದ್ವಿ. ಮನೇಲಿರೋರ್ಗೆ ಏಳ್ ಕಳುಸ್ತಾರಾ? ನಿಮ್ಮಣ್ಣ ಬಿಂದಿಗೆ ಇಡ್ಕಂಡು ನಿನ್ನೇ ನೋಡ್ತಿದ್ರು. ಬಂದು ಕೈಯಿಂದ ಈಸ್ಕಂತೀಯೇನೋ ಅಂತ. ನಮ್ ಮಾವ ದಿನಾ ಸೈರನ್ ಆದ್ರೆ ಸಾಕು, 'ಬಂದ ನೋಡು, ನೀರಿಕ್ಕು' ಅಂತಿತ್ತು." ಮತ್ತೆ ನಾರು ಎತ್ತಿಕೊಂಡಳು. "ಓಗ್ಲಿ ಬಿಡಿ ಸಾರ್. ನಿಮ್ ಕಡೆ ಶಾಸ್ತ್ರ ಏನೋ ನಮಗೇನ್ ಗೊತ್ತು."

ಎರಡು ಮಾತಿನ ಮಟ್ಟಿಗೆ ನಾನು 'ನೀನು' ಆಗಿದ್ದೆ. ಆಮೇಲೆ ಮತ್ತೆ ಸಾರ್.

ಮುಂದಿನ ಭಾನುವಾರ ಮಣ್ಣು ಮಾಡಿದ ಜಾಗ ಹುಡುಕಿಕೊಂಡು ಹೋದೆ. ಹೊಲವೆಲ್ಲ ಹೋಗಿ ಉಳಿದಿದ್ದ ಒಂದು ಪಟ್ಟಿ, ನಮ್ಮ ಕಾರ್ಖಾನೆಯ ಹಿಂದಿನ ಗೋಡೆಗೆ ಅಂಟಿಕೊಂಡಂತೆ. ನನ್ನ ಬೆಂಚು ಆ ಗೋಡೆಯ ಒಳಗಡೆಗೇ ಇತ್ತು. ದಿಬ್ಬದ ಸುತ್ತ ಅಣ್ಣ ಮುಳ್ಳು ಕಟ್ಟುತ್ತಿದ್ದರು. ನಾನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಬಿಸಿಲಿಗೆ ಹೆಂಟೆ ಕಟ್ಟಿತ್ತು, ಕೈಯಲ್ಲೇ ಪುಡಿ ಮಾಡಿ ಹಾಕಿದೆ.

ಅಣ್ಣ ನೋಡುತ್ತಿದ್ದರು. "ಈಗ ಆಕುದ್ರೆ ಅದು ಬರೀ ಮಣ್ಣು ಸಾರ್" ಅಂದರು. ಅವರು ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಮುಳ್ಳಿನ ಇನ್ನೊಂದು ತುದಿ ಹಿಡಿಯಲು ಹೋದೆ. "ಬಿಡಿ, ಚುಚ್ಕಂತೀರ" ಅಂದರು.

ಆ ಕೋಣೆಯಲ್ಲಿ ಇನ್ನೊಂದು ವರ್ಷ ಇದ್ದೆ. ಯಾರೂ ಮುಖ ತಿರುಗಿಸಲಿಲ್ಲ, ಯಾರೂ ಮೊರದ ಮುಂದೆ ಕೂರಿಸಲೂ ಇಲ್ಲ. ಅವರೆಕಾಯಿ ಕಾಲದಲ್ಲಿ ಒಂದು ಬಟ್ಟಲು ಸಾರು ಬಂತು, ಮೂರು ಕೋಣೆಗೂ ಒಂದೇ ಅಳತೆಯಲ್ಲಿ. ಸೈರನ್ ಆಗಿ ಮನೆ ಕಡೆ ನಡೆಯುವಾಗ ಆ ದಿನದ ಲೆಕ್ಕ ನಾಲಿಗೆಯ ತುದಿಗೆ ತಾನಾಗಿ ಬರುತ್ತಿತ್ತು. ಜಗಲಿ ದಾಟುವಾಗ ನುಂಗಿಕೊಳ್ಳುತ್ತಿದ್ದೆ.

ಆಮೇಲೆ ಈ ನಗರದಲ್ಲಿ ನನಗೂ ಜನರಾದರು. ಆದದ್ದು ಹೇಗೆಂದು ಯಾರಾದರೂ ಕೇಳಿದರೆ ಹೇಳಲು ಸಂಕೋಚವಾಗುತ್ತದೆ. ಆ ಲೇತ್ ಆಪರೇಟರನ ಮನೆಗೆ ನಾನು ಮೊದಲ ಸಲ ಹೋದದ್ದು ಅವನ ತಾಯಿ ತೀರಿಕೊಂಡ ದಿನ, ವಿಳಾಸ ಕೇಳಿಕೊಂಡು, ಯಾರೂ ಕರೆಯದೆ. ಹೆಚ್ಚಿನ ಮನೆಗಳ ಪರಿಚಯ ನನಗೆ ಹಾಗೇ ಆದದ್ದು. ತಮಟೆ ಕೇಳಿದರೆ ಚಪ್ಪಲಿ ಮೆಟ್ಟುತ್ತೇನೆ. ಅಂಗಳದ ಅಂಚಿನಲ್ಲಿ ನಿಲ್ಲುವುದಿಲ್ಲ. ಮೊದಲು ಬಿಂದಿಗೆ ಎಲ್ಲಿದೆ ಎಂದು ಹುಡುಕುತ್ತೇನೆ. ಯಾರ ಕಡೆಯವರು ಅಂತ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ನೀರು ತುಂಬುತ್ತ, ಇಲ್ಲೇ ಅನ್ನುತ್ತೇನೆ. ಬಿಂದಿಗೆ ಹೊತ್ತವನನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಅವರ ಸತ್ತವರಿಗೆ ಮಣ್ಣು ಹಾಕುವಾಗ ನನ್ನ ಕೈ ಮಾತ್ರ ಬೇರೆ ಒಬ್ಬರನ್ನು ನೆನೆಯುತ್ತದೆ. ಆ ಮನೆಯವರಿಗೆ ಅದು ಗೊತ್ತಿಲ್ಲ. ದೀಪ ನೋಡಿಕೊಂಡು ಮನೆಗೆ ಬರುತ್ತೇನೆ.