ಜಗುಲಿಯ ನಾಲ್ಕನೆಯ ಮೊಳೆ

ಗಂಗೆ ಮಾತು ಕಡಿಮೆಯ ಹೆಂಗಸು ಎಂದು ಸುಭಾಷರು ನಂಬಿದ್ದರು. ಮನ್ಮನೆ ಊರಿನಲ್ಲಿದ್ದ ತಮ್ಮ ಹಿರಿಯರ ದೊಡ್ಡಮನೆಯನ್ನು ಮ್ಯೂಸಿಯಂ ಮಾಡಿ, ನೋಡಿಕೊಳ್ಳುವವರನ್ನು ಹುಡುಕುತ್ತಿದ್ದಾಗ ಬಂದವಳು ಅವಳು. ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು, ತುಟಿ ಬಿಚ್ಚಲಿಲ್ಲ. ಎಂಥ ವಿನಯ ಎಂದುಕೊಂಡು ಅಲ್ಲೇ ಕೆಲಸ ಕೊಟ್ಟರು. ಆ ಹೊತ್ತು ಅವಳ ಬಾಯ್ತುಂಬ ಎಲೆಯಡಿಕೆಯ ಕವಳವಿತ್ತು, ಹೊಸದಾಗಿ ಪಾಲಿಶ್ ಮಾಡಿಸಿದ ಜಗುಲಿಯಲ್ಲಿ ಉಗುಳಲು ಜಾಗವಿರಲಿಲ್ಲ ಎಂಬುದು ತಿಳಿಯಲು ಮರುದಿನ ಬೆಳಗಾಗಬೇಕಾಯಿತು.

ಆಮೇಲೆ ಮಾತೇ ಮಾತು. ಬಂದವರಿಗೆ ಟಿಕೆಟ್ ಹರಿಯುವ ಮೊದಲು 'ಆಸರಿಗೆ ಎಂತ ಬೇಕು?' ಎನ್ನುವಳು. ಬಾಯಾರಿಕೆಗೆಂದು ಅವಳು ಕೊಟ್ಟ ಮಜ್ಜಿಗೆ ಕುಡಿಯದೆ ಒಬ್ಬನೂ ಒಳಗೆ ಹೋಗುವಂತಿಲ್ಲ.

'ಗಂಗಕ್ಕ, ಇದು ಮ್ಯೂಸಿಯಂ, ನೆಂಟರ ಮನೆ ಅಲ್ಲ.'

'ಮನೆ ಅಂದ್ಮೇಲೆ ಕೇಳದೇ ಇಪ್ಪುಲಾಗ್ತಾ?'

ಸುಭಾಷರ ಚಿಂತೆ ಬೇರೆಯೇ ಇತ್ತು. ಜಗುಲಿಯ ಗೋಡೆಯಲ್ಲಿ ಮುತ್ತಜ್ಜ, ಅಜ್ಜ, ಅಪ್ಪ ಫೋಟೋಗಳಾಗಿ ಸಾಲಾಗಿ ತೂಗುತ್ತಿದ್ದರು. ವಂಶದ ಹಿರಿಮೆ ಅಪ್ಪನಲ್ಲಿಗೇ ನಿಂತಂತೆ ಕಾಣಬಾರದೆಂದು ನಾಲ್ಕನೆಯ ಮೊಳೆ ಹೊಡೆಸಿ ತಮ್ಮದನ್ನೂ ಹಾಕಿಸಿದರು. ತಲೆಯಲ್ಲಿ ಕೂದಲಿದ್ದ ಕಾಲದ ಫೋಟೋ. ಭಾನುವಾರ ನಂದೊಳ್ಳಿಯಿಂದ ಹೊಸ ಬೀಗರು ಬರುವವರಿದ್ದರು. ಅವರ ಕಣ್ಣು ಮೊದಲು ಅದರ ಮೇಲೇ ಬೀಳಬೇಕು.

ಶುಕ್ರವಾರ ಹಾವೇರಿ ಕಡೆಯ ಶಿವಲಿಂಗಪ್ಪ ಎಂಬವರು ಮನೆ ನೋಡಲು ಬಂದರು. ನಾಲ್ಕನೆಯ ಫೋಟೋದ ಮುಂದೆ ನಿಂತು, 'ಇವ್ರೂ ಹೋಗ್ಯಾರೇನ್ರಿ?' ಎಂದರು. ಗಂಗೆಯ ಬಾಯಲ್ಲಿ ಕವಳ. ಸುಭಾಷರು ಸಿದ್ದಾಪುರಕ್ಕೆ ಹೋದದ್ದು ನಿಜವೇ ಆದ್ದರಿಂದ ಹೌದೆಂದು ತಲೆಯಾಡಿಸಿದಳು.

ಬೀಗರಿಗೆಂದು ಸಿಹಿ ತೆಗೆದುಕೊಂಡು ಸುಭಾಷರು ವಾಪಸು ಬಂದಾಗ, ಯಾರೋ ಅವರ ಫೋಟೋಕ್ಕೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಸುಭಾಷರಿಗೆ ಎದೆ ಉಬ್ಬಿತು. ಶಿವಲಿಂಗಪ್ಪ ಕಣ್ಣು ತೆರೆದು ಅವರನ್ನೂ ಫೋಟೋವನ್ನೂ ನೋಡಿ, ಮೆತ್ತಗೆ ಕೇಳಿದರು: 'ನಿಮ್ಮ ಮಗಾ ಏನ್ರಿ? ಸಣ್ಣ ವಯಸ್ಸಿನ್ಯಾಗ ಹೋಗಿಬಿಟ್ಟಾರ, ಪಾಪ.'

ಮರುದಿನ ಮೊಳೆ ಬರಿದಾಗಿತ್ತು.

'ಗಂಗಕ್ಕ, ನಾಳೆ ಬೀಗ್ರು ಬರ್ತ. ಎನ್ನ ಫೋಟೋ ಎಲ್ಲಿದ್ದು?'

ಅವಳು ಕವಳವನ್ನು ಕೆನ್ನೆಗೆ ಒತ್ತರಿಸಿಕೊಂಡಳು. 'ಪೆಟ್ಟಿಗೆಲಿದ್ದು. ಬೀಗ್ರೂ ಕೈ ಮುಗಿದ್ರೆ ಆನು ಎಂತ ಹೇಳವು?'

ಸುಭಾಷರು ಅಪ್ಪನ ಪಕ್ಕದ ಖಾಲಿ ಮೊಳೆಯನ್ನು ಮುಟ್ಟಿ ನೋಡಿದರು. 'ಹಂಗಾರೆ ಅದ್ನ ಗೋಡೆಗೆ ಹಾಕದು ಯಾವಾಗ?'

ಗಂಗೆ ಅಂಗಳಕ್ಕೆ ಇಳಿದು, ಕವಳ ಉಗುಳಿ, ಬಾಯಿ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು.

'ನಿಂಗ ಹೋದ್ಮೇಲೆ.'